ಬೆಂಗಳೂರಿನ ಆಚೆಗಿನ ಟಿ.ವಿ. ನಿರ್ಮಾಪಕರಿಗೆ ಬೇಕಾದದ್ದು ಸಬ್ಸಿಡಿಯಲ್ಲ

2025ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯ ಬಜೆಟ್ ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿತು, ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಂದು ಒಟಿಟಿ ವೇದಿಕೆ ರೂಪಿಸುವುದಾಗಿ ಹೇಳಿತು, ಮೈಸೂರಿನ ಚಿತ್ರನಗರಿಯ ಮಾತನ್ನೂ ಮುಂದಿಟ್ಟಿತು. ಅದರ ಬೆನ್ನಿಗೆ ನಡೆದ ಚರ್ಚೆಯೆಲ್ಲ ಸಿನಿಮಾ ಟಿಕೆಟಿಗೆ 200 ರೂಪಾಯಿ ಮಿತಿ ಹಾಕುವ ವಿಷಯದ ಸುತ್ತಲೇ ನಡೆಯಿತು. ಟಿ.ವಿ.ಗಾಗಿ ಸ್ವತಂತ್ರವಾಗಿ ಕಾರ್ಯಕ್ರಮ ತಯಾರಿಸುವವರಿಗೆ, ಅದರಲ್ಲಿಯೂ ಬೆಂಗಳೂರು ಬಿಟ್ಟು ಬೇರೆ ಊರಿನಲ್ಲಿ ಕುಳಿತು ಈ ಕೆಲಸ ಮಾಡುವವರಿಗೆ ಸರ್ಕಾರ ಏನು ಮಾಡಬಹುದು ಎಂಬ ಪ್ರಶ್ನೆಯನ್ನು ನಮ್ಮ ಭಾಗದ ಜನಪ್ರತಿನಿಧಿಗಳು ಎತ್ತಿದ್ದನ್ನು ನಾನು ಕೇಳಲಿಲ್ಲ.

ನಾನು ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರನಾಗಿ ಕೆಲಸ ಮಾಡುತ್ತೇನೆ. ಕಲಾವಿದನಲ್ಲ, ಮಾಧ್ಯಮದವನೂ ಅಲ್ಲ. ಆದರೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ, ಕೇಶ್ವಾಪುರದ ಅಂಗಡಿಕಾರರ ಲೆಕ್ಕಪತ್ರಗಳ ಜೊತೆಗೆ ಹುಬ್ಬಳ್ಳಿ, ಗದಗ, ಹಾವೇರಿಗಳ ಕೆಲವು ಸಣ್ಣ ವಿಡಿಯೊ ನಿರ್ಮಾಪಕರ ಲೆಕ್ಕವೂ ನನ್ನ ಮೇಜಿಗೆ ಬರುತ್ತದೆ. ಅವರ ವಹಿಗಳನ್ನು ನೋಡಿದರೆ ಕಥೆ ಒಂದೇ. ಲಗ್ನದ ಸೀಜನ್ನಿನಲ್ಲಿ ದುಡಿದ ಹಣ, ಜಾತ್ರೆಯ ನೇರ ಪ್ರಸಾರದಿಂದ ಬಂದ ಹಣ, ಕಾಲೇಜುಗಳ ಪ್ರಚಾರ ಚಿತ್ರದ ಹಣ, ಇವೆಲ್ಲ ಸೇರಿ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅವರು ಮನಸ್ಸಿಟ್ಟು ಮಾಡುವ ಒಂದು ಸಾಕ್ಷ್ಯಚಿತ್ರಕ್ಕೆ ಅಥವಾ ಹತ್ತಾರು ಕಂತಿನ ಜಾನಪದ ಸರಣಿಗೆ ಖರ್ಚಾಗುತ್ತವೆ. ಅಂದರೆ ಈ ಭಾಗದ ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ಇಂದು ಪೋಷಿಸುತ್ತಿರುವವರು ಮದುಮಕ್ಕಳ ತಂದೆ ತಾಯಿಗಳೇ ಹೊರತು ಸರ್ಕಾರವಲ್ಲ.

ಇದರಲ್ಲಿ ಒಂದು ಚೋದ್ಯವಿದೆ. ಕರ್ನಾಟಕಕ್ಕೆ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ರಾಜ್ಯದಿಂದ ಸೇರಿದ್ದು ಗುಲಬರ್ಗಾ, ವಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಆದರೆ ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ನೋಡುವವರು ಉತ್ತರ ಕರ್ನಾಟಕದವರು, ಮಾಡುವವರು ಬೇರೆ ಊರಿನವರು ಎಂಬ ಏರ್ಪಾಟು ಅಲ್ಲಿಂದಲೇ ಆರಂಭವಾಯಿತು. ರೇಡಿಯೊದ ವಿಷಯದಲ್ಲಿ ಹೀಗಾಗಲಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಇಲ್ಲಿಯ ಗಾಯಕರು, ಇಲ್ಲಿಯ ನಾಟಕಕಾರರು, ಇಲ್ಲಿಯ ರೈತರು ಇಲ್ಲಿಯ ಮಾತಿನಲ್ಲೇ ಮಾತನಾಡಿದರು ಮತ್ತು ಅದಕ್ಕೆ ಸಂಭಾವನೆಯನ್ನೂ ಪಡೆದರು. ಅಂಥದೊಂದು ಟಿ.ವಿ. ಕೇಂದ್ರ ಧಾರವಾಡಕ್ಕೆ ಬರಲಿಲ್ಲ. ಖಾಸಗಿ ವಾಹಿನಿಗಳ ಕಾಲ ಬಂದಾಗ, 1994ರಿಂದ ಈಚೆಗೆ, ಧಾರಾವಾಹಿಗಳೆಲ್ಲ ಬೆಂಗಳೂರಿನ ಸುತ್ತಲಿನ ಬಾಡಿಗೆ ಮನೆಗಳಲ್ಲಿ ನೆಲೆ ನಿಂತವು. ನಮ್ಮ ಭಾಷೆ ಅವುಗಳಲ್ಲಿ ಹೆಚ್ಚಾಗಿ ಕೆಲಸದವಳ ಪಾತ್ರಕ್ಕೋ ಹಾಸ್ಯದ ಮಾವನ ಪಾತ್ರಕ್ಕೋ ಮೀಸಲಾಯಿತು.

ಹಾಗಾದರೆ ಸರ್ಕಾರದ ನೆರವು ಎಂದರೆ ಏನು? ಸಿನಿಮಾದವರನ್ನು ಕೇಳಿದರೆ ಸಹಾಯಧನ ಎನ್ನುತ್ತಾರೆ. ಚಿತ್ರ ತಯಾರಿಸಿ, ಸೆನ್ಸಾರ್ ಮುಗಿಸಿ, ಅರ್ಜಿ ಹಾಕಿ, ಆಯ್ಕೆ ಸಮಿತಿ ನೋಡಿ ಒಪ್ಪಿದ ಮೇಲೆ ಬರುವ ಹಣ ಅದು. ಸಾಲ ಮಾಡಿ ಚಿತ್ರ ಮುಗಿಸುವ ಶಕ್ತಿ ಇದ್ದವನಿಗೆ ಅದು ಉಪಯೋಗ. ಹುಬ್ಬಳ್ಳಿಯ ಒಬ್ಬ ಕಾರ್ಯಕ್ರಮ ನಿರ್ಮಾಪಕನಿಗೆ ಮೊದಲ ದಿನದ ಜನರೇಟರ್ ಬಾಡಿಗೆಗೇ ಹಣವಿಲ್ಲದಿರುವಾಗ, ಎಲ್ಲ ಮುಗಿದ ಮೇಲೆ ಸಿಗುವ ಹಣದಿಂದ ಕಾರ್ಯಕ್ರಮ ಹುಟ್ಟುವುದಿಲ್ಲ. ಅವನಿಗೆ ಬೇಕಾದದ್ದು ಕೆಲಸದ ಆದೇಶ: ಇಷ್ಟು ಕಂತು, ಇಂಥ ವೇಳೆ, ಇಷ್ಟು ದರ, ಇಷ್ಟು ಮುಂಗಡ ಎಂದು ಬರೆದು ಸಹಿ ಮಾಡಿದ ಒಂದು ಕಾಗದ. ಅದು ಕೈಯಲ್ಲಿದ್ದರೆ ಉಳಿದದ್ದನ್ನು ಅವನು ನೋಡಿಕೊಳ್ಳುತ್ತಾನೆ.

ದೂರದರ್ಶನದಲ್ಲಿ ಈ ಬಗೆಯ ಕಾಗದ ಹಿಂದೆ ಸಿಗುತ್ತಿತ್ತು. ಪ್ರಾಯೋಜಿತ ಕಾರ್ಯಕ್ರಮ ಒಂದು ಬಗೆ. ಅಲ್ಲಿ ನಿರ್ಮಾಪಕನೇ ಜಾಹೀರಾತುದಾರನನ್ನು ಹುಡುಕಿ ತರಬೇಕು. ಇನ್ನೊಂದು, ಕೇಂದ್ರವೇ ಹಣ ಕೊಟ್ಟು ಹೊರಗಿನವರಿಂದ ಮಾಡಿಸುವುದು. ಮೂರನೆಯದು ಸ್ವಂತ ಹಣ ಹೂಡಿ ಮಾಡಿ ಪ್ರಸಾರವಾದ ಮೇಲೆ ದೂರದರ್ಶನದಿಂದ ಹಣ ಪಡೆಯುವ ಪದ್ಧತಿ. ಈ ಮೂರನೆಯದರಲ್ಲಿ ಜಾಹೀರಾತು ಮಾರುವ ತಲೆನೋವು ನಿರ್ಮಾಪಕನಿಗಿಲ್ಲ, ನಿಜ. ಆದರೆ ಪ್ರಸಾರದ ದಿನಾಂಕ ಮುಂದಕ್ಕೆ ಹೋದಷ್ಟು ದಿನದ ಬಡ್ಡಿ ಅವನದೇ. ಸಾಕ್ಷ್ಯಚಿತ್ರದವರಿಗೆ 2000ದಲ್ಲಿ ಸ್ಥಾಪನೆಯಾದ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ಮೂಲಕ ದೂರದರ್ಶನಕ್ಕೆ ಸ್ವತಂತ್ರವಾಗಿ ಚಿತ್ರ ಮಾಡುವ ಅವಕಾಶ ಸಿಕ್ಕಿತ್ತು. ಈಗ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಗೆ ಹಣವೇ ಇಲ್ಲ ಎನ್ನುವಂತಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಬಿಂಡ್’ ಯೋಜನೆಯ ಮೊತ್ತ 2,539.61 ಕೋಟಿ ರೂಪಾಯಿ. ಆದರೆ ಆ ಯೋಜನೆಯ ಮುಖ್ಯ ಗುರಿ ಪ್ರಸಾರದ ಸೌಕರ್ಯಗಳನ್ನು ಹೊಸದು ಮಾಡುವುದು. 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಅದರದೇ ಒಟಿಟಿಯೂ ಬಂತು. ಪ್ರಸಾರ ಮಾಡುವ ಯಂತ್ರ ಹೊಸದಾಯಿತು, ತೋರಿಸುವ ಕಿಟಕಿಯೂ ಹೆಚ್ಚಾಯಿತು. ಏನನ್ನು ತೋರಿಸಬೇಕು, ಅದನ್ನು ಯಾರಿಂದ ಮಾಡಿಸಬೇಕು ಎಂಬಲ್ಲಿಗೆ ಬಂದಾಗ ಕೈ ಬಿಗಿಯಾಗುತ್ತದೆ.

ಇನ್ನು ರಾಜ್ಯ ಸರ್ಕಾರದ ಇಲಾಖೆಗಳು. ಇವುಗಳ ಕೆಲಸ ಹಿಡಿಯುವವರ ಲೆಕ್ಕವನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಬರೆಯುತ್ತೇನೆ.

ನನ್ನ ಕಕ್ಷಿದಾರರೊಬ್ಬರು ಒಂದು ಇಲಾಖೆಗಾಗಿ ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಇಡೀ ರಾತ್ರಿಯ ದೊಡ್ಡಾಟವನ್ನು ಚಿತ್ರೀಕರಿಸಿದರು. ಅವರು ತಂದುಕೊಟ್ಟ ವೋಚರುಗಳ ಕಟ್ಟು ಹೀಗಿತ್ತು: ಜನರೇಟರ್ ಬಾಡಿಗೆ, ಡೀಸೆಲ್, ಲೈಟಿನ ಬಾಡಿಗೆ, ಕ್ಯಾಮೆರಾ ಹಿಡಿದ ಹುಡುಗರ ದಿನಗೂಲಿ, ವೇಷಧಾರಿಗಳಿಗೂ ಮೇಳದವರಿಗೂ ಕೊಟ್ಟ ಗೌರವಧನ, ಟೆಂಪೊ, ನಡುರಾತ್ರಿಯ ಚಾ ಮತ್ತು ಚುರಮುರಿ, ಊರವರೊಬ್ಬರು ಅಡಿಗೆ ಮಾಡಿ ಹಾಕಿದ್ದಕ್ಕೆ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟ ಚೀಟಿ. ಡೀಸೆಲ್ಲಿಗೆ ಜಿಎಸ್‌ಟಿ ಅನ್ವಯವಾಗುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರು ಜಿಎಸ್‌ಟಿ ನೋಂದಣಿ ಇಲ್ಲದವರು. ಆದ್ದರಿಂದ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವ ಸೌಲಭ್ಯ ಇವರಿಗೆ ಇದ್ದೂ ಇಲ್ಲದಂತೆ. ಇತ್ತ ಇಲಾಖೆಗೆ ಬರೆಯುವ ಬಿಲ್ಲಿನ ಮೇಲೆ ಶೇ 18ರಷ್ಟು ಜಿಎಸ್‌ಟಿ ಹಾಕಲೇಬೇಕು. ಐದು ಲಕ್ಷದ ಬಿಲ್ ಎಂದಿಟ್ಟುಕೊಳ್ಳಿ, ತೆರಿಗೆ ತೊಂಬತ್ತು ಸಾವಿರ. ಬಿಲ್ ಬರೆದ ಮುಂದಿನ ತಿಂಗಳ 20ರೊಳಗೆ ಅದನ್ನು ಕಟ್ಟಬೇಕು. ಇಲಾಖೆ ಹಣ ಕೊಟ್ಟಿದೆಯೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ. ತಡವಾದರೆ ವರ್ಷಕ್ಕೆ ಶೇ 18ರ ಬಡ್ಡಿ. ಹಣ ಬಂದಾಗ ಜಿಎಸ್‌ಟಿಯ ಟಿಡಿಎಸ್ ಎಂದು ಶೇ 2, ಆದಾಯ ತೆರಿಗೆಯ ಟಿಡಿಎಸ್ ಎಂದು ಇನ್ನಷ್ಟು ಮುರಿದುಕೊಂಡೇ ಬರುತ್ತದೆ. ಅವು ಮುಂದೆ ಜಮೆಯಾಗುತ್ತವೆ ನಿಜ, ಆದರೆ ಆ ಹೊತ್ತಿಗೆ ಕ್ಯಾಮೆರಾ ಹುಡುಗರ ಕೂಲಿಯನ್ನು ಜಮಾಪತ್ರ ತೋರಿಸಿ ತೀರಿಸಲಾಗುವುದಿಲ್ಲವಲ್ಲ.

“ಸಾಹೇಬ್ರ, ತೆರಿಗಿ ಕಟ್ಟಾಕ ತಾರೀಖ್ ಐತಿ, ಬಿಲ್ಲಿನ ರೊಕ್ಕ ಕೊಡಾಕ ಯಾಕ ತಾರೀಖ್ ಇಲ್ರೀ?” ಎಂದು ಅವರು ಕೇಳಿದರು.

ತಾರೀಖು ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ದಿಮೆಯಿಂದ ಸೇವೆ ಪಡೆದವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ದೂರು ಕೊಡಲು ಮಂಡಳಿಯೂ ಉಂಟು, ಆನ್‌ಲೈನ್ ಪೋರ್ಟಲ್ಲೂ ಉಂಟು. ವಿಡಿಯೊ ನಿರ್ಮಾಣವೂ ಸೇವಾ ಉದ್ದಿಮೆಯೇ. ‘ಉದ್ಯಮ್’ ನೋಂದಣಿ ಮಾಡಿಸಿದರೆ ಈ ರಕ್ಷಣೆ ಸಿಗುತ್ತದೆ. ನಾನು ಮಾಡಿಸಿಯೂ ಕೊಟ್ಟಿದ್ದೇನೆ. ಆದರೆ ದೂರು ಕೊಡೋಣವೇ ಎಂದರೆ ಒಬ್ಬರೂ ಮುಂದೆ ಬರುವುದಿಲ್ಲ, ಏಕೆಂದರೆ ಈ ಊರಿನಲ್ಲಿ ಇಂಥ ಕೆಲಸ ಕೊಡುವ ಕಚೇರಿಗಳನ್ನು ಬೆರಳಲ್ಲಿ ಎಣಿಸಬಹುದು, ಒಮ್ಮೆ ಮುನಿಸು ಕಟ್ಟಿಕೊಂಡರೆ ಮುಂದಿನ ವರ್ಷದ ಕೆಲಸ ಹೋಯಿತು. ಕೆಲಸ ಕೊಡುವ ಕೈ ಒಂದೇ ಆಗಿರುವ ಕಡೆ ಕಾನೂನಿನ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ದೂರಿನ ದಾರಿಗಿಂತ ಕೆಲಸ ಕೊಡುವಾಗಲೇ ಮುಂಗಡ, ಒರಟು ಸಂಕಲನ ತೋರಿಸಿದಾಗ ಎರಡನೆಯ ಕಂತು, ಪ್ರತಿ ಒಪ್ಪಿಸಿದಾಗ ಉಳಿದದ್ದು ಎಂಬ ಷರತ್ತನ್ನು ಆದೇಶದಲ್ಲೇ ಬರೆಸಿಕೊಳ್ಳುವುದು ಲೇಸು.

ಇದಕ್ಕೂ ಮೊದಲು ಟೆಂಡರಿನ ಬಾಗಿಲನ್ನು ದಾಟಬೇಕು. ಸರ್ಕಾರಿ ಖರೀದಿಗೆ ಟೆಂಡರ್ ಕರೆಯಬೇಕೆನ್ನುವ 1999ರ ಪಾರದರ್ಶಕತೆ ಕಾಯ್ದೆ ಬಂದದ್ದು ಒಳ್ಳೆಯದಕ್ಕೇ. ಆದರೆ ರಸ್ತೆ ಕಾಮಗಾರಿಗೆ ಹೊಂದುವ ಷರತ್ತುಗಳನ್ನು, ಅಂದರೆ ಹಿಂದಿನ ಮೂರು ವರ್ಷದ ಇಷ್ಟು ವಹಿವಾಟು, ಇಷ್ಟು ಇಎಂಡಿ (ಟೆಂಡರಿನ ಜೊತೆ ಇಡುವ ಠೇವಣಿ), ಇದೇ ಬಗೆಯ ಕೆಲಸದ ಅನುಭವ ಎಂಬುದನ್ನು ಸಾಕ್ಷ್ಯಚಿತ್ರಕ್ಕೂ ಹಾಕಿದಾಗ ಹಾವೇರಿಯ ನಿರ್ಮಾಪಕ ಅರ್ಜಿ ಫಾರ್ಮಿನಲ್ಲೇ ಉದುರಿ ಹೋಗುತ್ತಾನೆ. ಗೆದ್ದ ದೊಡ್ಡ ಕಂಪನಿ ಅದೇ ಕೆಲಸವನ್ನು ಮತ್ತೆ ಅವನಿಗೇ ಒಳಗುತ್ತಿಗೆ ಕೊಟ್ಟದ್ದನ್ನೂ ನಾನು ವಹಿಗಳಲ್ಲಿ ಕಂಡಿದ್ದೇನೆ. ದರ ಮಾತ್ರ ಅರ್ಧಕ್ಕಿಂತ ಕಡಿಮೆ. ಟೆಂಡರ್ ಇಲ್ಲದೆಯೇ ಕೆಲಸ ಕೊಡಲು 4(ಜಿ) ವಿನಾಯಿತಿ ಎಂಬ ಕಿರುದಾರಿ ಕಾಯ್ದೆಯಲ್ಲಿದೆ, ಆದರೆ ಆ ದಾರಿಯ ತುದಿ ಇರುವುದು ವಿಧಾನಸೌಧದಲ್ಲಿ.

ಪ್ರಾದೇಶಿಕ ನಿರ್ಮಾಪಕರನ್ನು ಬೆಳೆಸುವುದಕ್ಕೆ ಬೇರೆಯವರು ಏನು ಮಾಡಿದರು ಎಂದು ನೋಡುವಾಗ ನನಗೆ ವೇಲ್ಸ್‌ನ ಕಥೆ ಬಹಳ ಹತ್ತಿರದ್ದೆನಿಸಿತು. ಬ್ರಿಟನ್ನಿನ ಈ ಪುಟ್ಟ ನಾಡಿನ ಜನ ತಮ್ಮ ಭಾಷೆಗೆ ಪ್ರತ್ಯೇಕ ವಾಹಿನಿ ಬೇಕೆಂದು ಹೋರಾಡಿದರು. ಕೊಡುತ್ತೇವೆಂದ ಸರ್ಕಾರ ಮಾತು ತಪ್ಪಿದಾಗ ಗ್ವಿನ್‌ಫೋರ್ ಇವಾನ್ಸ್ ಎಂಬ ಹಿರಿಯ ನಾಯಕರು 1980ರಲ್ಲಿ ಆಮರಣಾಂತ ಉಪವಾಸ ಮಾಡುವುದಾಗಿ ಘೋಷಿಸಿದರು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮಣಿಯಿತು. ಎಸ್4ಸಿ ಎಂಬ ಆ ವಾಹಿನಿ ಪ್ರಸಾರ ಆರಂಭಿಸಿದ್ದು 1982ರ ನವೆಂಬರ್ 1ರಂದು. ಅದೇ 1982ರಲ್ಲಿ ನಮ್ಮಲ್ಲಿ ಗೋಕಾಕ್ ಚಳವಳಿ ಭುಗಿಲೆದ್ದಿತ್ತು, ಧಾರವಾಡ ಅದರ ಮುಂಚೂಣಿಯಲ್ಲಿತ್ತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಎಂಬುದು ಅದರ ಮುಖ್ಯ ಬೇಡಿಕೆಯಾಗಿತ್ತು.

ಎಸ್4ಸಿಯ ಏರ್ಪಾಟಿನಲ್ಲಿ ಗಮನಿಸಬೇಕಾದದ್ದು, ಅದು ತಾನೇ ಸ್ಟುಡಿಯೊ ತುಂಬ ನೌಕರರನ್ನು ಇಟ್ಟುಕೊಂಡು ಕಾರ್ಯಕ್ರಮ ಮಾಡುವ ಗೋಜಿಗೆ ಹೋಗಲಿಲ್ಲ. ಕೆಲವು ಗಂಟೆಗಳ ಕಾರ್ಯಕ್ರಮವನ್ನು ಬಿಬಿಸಿ ಕೊಡಬೇಕೆಂದು ಕಾನೂನಾಯಿತು. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಸ್ವತಂತ್ರ ನಿರ್ಮಾಪಕರಿಂದ ಮಾಡಿಸಿತು. ಆ ಆದೇಶಗಳ ಬಲದ ಮೇಲೆ ಕೈನಾರ್ವನ್‌ನಂಥ ಸಣ್ಣ ಊರಿನಲ್ಲಿ ನಿರ್ಮಾಣ ಸಂಸ್ಥೆಗಳು ಬೆಳೆದವು. 2021ರ ಜನಗಣತಿಯಂತೆ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5.38 ಲಕ್ಷ ಜನ. ಧಾರವಾಡ, ಗದಗ, ಹಾವೇರಿ ಮೂರೇ ಜಿಲ್ಲೆಗಳ ಜನಸಂಖ್ಯೆ 2011ರಲ್ಲೇ 45 ಲಕ್ಷ ದಾಟಿತ್ತು. ನೋಡುವವರಿಲ್ಲ ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಅವರಿಗೆ ಟಿ.ವಿ. ನೋಡುವ ಮನೆಯವರು ಕಟ್ಟುವ ಲೈಸೆನ್ಸ್ ಶುಲ್ಕದ ಹಣವಿದೆ, ನಮ್ಮಲ್ಲಿ ಆ ಶುಲ್ಕ 1980ರ ದಶಕದಲ್ಲೇ ಹೋಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಾನು ಹೇಳುತ್ತಿರುವುದು ಮೊತ್ತದ ಮಾತಲ್ಲ, ಇರುವ ಹಣ ಯಾರ ಕೈಗೆ ಯಾವ ಹಂತದಲ್ಲಿ ಸೇರಬೇಕೆಂಬ ಮಾತು.

ಬ್ರಿಟನ್ನಿನ ಇನ್ನೊಂದು ನಿಯಮ ನಮ್ಮ ಅಧಿಕಾರಿಗಳು ಓದಬೇಕಾದದ್ದು. ಲಂಡನ್ನಿನ ಹೊರಗೆ ತಯಾರಾದ ಕಾರ್ಯಕ್ರಮ ಎಂದು ಕರೆಸಿಕೊಳ್ಳಲು ಅಲ್ಲಿಯ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಮೂರು ಪರೀಕ್ಷೆಗಳನ್ನು ಇಟ್ಟಿದೆ, ಮೂರರಲ್ಲಿ ಎರಡಾದರೂ ಪಾಸಾಗಬೇಕು. ನಿರ್ಮಾಣ ಸಂಸ್ಥೆಯ ನಿಜವಾದ ಕಚೇರಿ ಲಂಡನ್ ಸುತ್ತಲಿನ ಎಂ25 ವರ್ತುಲ ರಸ್ತೆಯ ಆಚೆ ಇರಬೇಕು. ಖರ್ಚಿನ ಶೇ 70 ಭಾಗ ಆ ರಸ್ತೆಯ ಆಚೆ ಆಗಬೇಕು. ಕೆಲಸಗಾರರ ಮೇಲಿನ ವೆಚ್ಚದಲ್ಲಿ ಅರ್ಧದಷ್ಟಾದರೂ ಆಚೆ ನೆಲೆಸಿದವರಿಗೆ ಸಲ್ಲಬೇಕು. ಇದನ್ನು ನಮ್ಮಲ್ಲಿಗೆ ಅನ್ವಯಿಸಿ ನೋಡಿ. ಬೆಂಗಳೂರಿನಿಂದ ಎರಡು ಬಸ್ಸಿನಲ್ಲಿ ತಂಡ ಬಂದು, ಲಕ್ಕುಂಡಿಯ ದೇವಸ್ಥಾನಗಳ ಮುಂದೆಯೋ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್ನಿನಲ್ಲೋ ನಾಲ್ಕು ದಿನ ಚಿತ್ರೀಕರಣ ಮಾಡಿ, ಇಲ್ಲಿಯ ಇಬ್ಬರು ಹುಡುಗರಿಂದ ವೈರು ಎಳೆಸಿ ಹೊರಟುಹೋದರೆ ಅದನ್ನು ಉತ್ತರ ಕರ್ನಾಟಕದ ಕಾರ್ಯಕ್ರಮವೆಂದು ಸಂಭ್ರಮಿಸುತ್ತೇವೆ. ಆ ಮೂರು ಪರೀಕ್ಷೆಗಳಲ್ಲಿ ಒಂದರಲ್ಲೂ ಅದು ಪಾಸಾಗುವುದಿಲ್ಲ. ‘ಬಿಯಾಂಡ್ ಬೆಂಗಳೂರು’ ಎಂದು ಐಟಿ ಕಂಪನಿಗಳಿಗೆ ಹುಬ್ಬಳ್ಳಿ–ಧಾರವಾಡ–ಬೆಳಗಾವಿಯ ವಲಯವನ್ನು ತೋರಿಸುವ ಸರ್ಕಾರಕ್ಕೆ, ಟಿ.ವಿ. ಕಾರ್ಯಕ್ರಮಕ್ಕೂ ಇಂಥದೊಂದು ಗೆರೆ ಎಳೆಯುವುದು ಕಷ್ಟವಾಗಬಾರದು.

ಹಕ್ಕಿನ ವಿಷಯಕ್ಕೆ ಬರುತ್ತೇನೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ಮಾಡಿಸಿದ ಚಿತ್ರದ ಮೊದಲ ಒಡೆಯರು ಮಾಡಿಸಿದವರೇ. ಬೇರೆ ಕರಾರು ಇದ್ದರೆ ಮಾತ್ರ ಅದು ಬದಲಾಗುತ್ತದೆ. ಆ ಕರಾರನ್ನು ಯಾರೂ ಬರೆಸುವುದಿಲ್ಲ. ದೊಡ್ಡಾಟದ ಆ ರಾತ್ರಿಯ ಚಿತ್ರೀಕರಣವನ್ನೇ ತೆಗೆದುಕೊಳ್ಳಿ: ಇಲಾಖೆಗೆ ಬೇಕಾದದ್ದು ಅರ್ಧ ಗಂಟೆ, ಒಪ್ಪಿಸಿದ್ದು ಅರ್ಧ ಗಂಟೆ. ಉಳಿದ ಏಳೆಂಟು ಗಂಟೆಯ ದೃಶ್ಯ ಹಾರ್ಡ್ ಡಿಸ್ಕಿನಲ್ಲಿದೆ, ಅದನ್ನು ಯೂಟ್ಯೂಬಿಗೆ ಹಾಕಬಹುದೇ, ಮತ್ತೊಂದು ವಾಹಿನಿಗೆ ಕೊಡಬಹುದೇ ಎಂದು ನಿರ್ಮಾಪಕ ಹೆದರುತ್ತ ಕುಳಿತಿದ್ದಾರೆ. ಬ್ರಿಟನ್ನಿನಲ್ಲಿ 2003ರ ಸಂವಹನ ಕಾಯ್ದೆ ಈ ಗಂಟನ್ನು ಬಿಡಿಸಿತು. ಸಾರ್ವಜನಿಕ ವಾಹಿನಿಗಳು ಸ್ವತಂತ್ರ ನಿರ್ಮಾಪಕರೊಡನೆ ವ್ಯವಹರಿಸುವ ನಿಯಮಾವಳಿ ರೂಪಿಸಬೇಕೆಂದು ಅದು ವಿಧಿಸಿತು, ಅದರ ಫಲವಾಗಿ ಪ್ರಸಾರದ ಹಕ್ಕು ವಾಹಿನಿಗೂ ಉಳಿದ ಹಕ್ಕುಗಳು ನಿರ್ಮಾಪಕನಿಗೂ ಉಳಿಯುವ ಪದ್ಧತಿ ನೆಲೆಗೊಂಡಿತು. ಹಳೆಯ ಕಾರ್ಯಕ್ರಮಗಳ ಹಕ್ಕು ಕೈಯಲ್ಲಿದ್ದರೆ ಅದನ್ನು ಆಸ್ತಿ ಎಂದು ತೋರಿಸಬಹುದು. ನಮ್ಮವರ ಬ್ಯಾಲೆನ್ಸ್ ಶೀಟಿನಲ್ಲಿ ಸವಕಳಿಯಾಗುತ್ತಿರುವ ಕ್ಯಾಮೆರಾಗಳ ಹೊರತು ಬೇರೆ ಆಸ್ತಿಯಿಲ್ಲ. ಬ್ಯಾಂಕಿನವರು ಅದನ್ನು ನೋಡಿ ಮುದ್ರಾ ಸಾಲದ ಮೇಲೆ ಒಂದು ಪೈಸೆ ಕೊಡಲೂ ಹಿಂಜರಿಯುತ್ತಾರೆ.

ಉಪಗ್ರಹದ ಮೂಲಕ ಪ್ರಸಾರ ಮಾಡಲು ಕೇಂದ್ರ ಸರ್ಕಾರದ ಅನುಮತಿ ಪಡೆಯುವ ಖಾಸಗಿ ವಾಹಿನಿಗಳ ಮೇಲೆಯೂ ಒಂದು ಬಾಧ್ಯತೆ ಇದೆ. 2022ರ ಅಪ್‌ಲಿಂಕಿಂಗ್ ಮಾರ್ಗಸೂಚಿ ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ತೋರಿಸಬೇಕೆಂದು ಹೇಳುತ್ತದೆ: ಶಿಕ್ಷಣ, ಆರೋಗ್ಯ, ಕೃಷಿ, ಪರಿಸರ ಹೀಗೆ. ಕೃಷಿಯ ಬಗ್ಗೆ ಬ್ಯಾಡಗಿಯವರಿಗಿಂತ, ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಶಿರಹಟ್ಟಿಯವರಿಗಿಂತ ಚೆನ್ನಾಗಿ ಯಾರು ಮಾಡಿಯಾರು? ಆದರೆ ಬೇರೆ ಕಾರ್ಯಕ್ರಮದೊಳಗೆ ಅಡಕವಾಗಿ ಬಂದ ಮಾತನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೆಂದು 2023ರ ಸೂಚನೆ ಹೇಳಿತು, ಅಲ್ಲಿಗೆ ನಿಯಮದ ಹಲ್ಲು ಉದುರಿತು. ಇದರ ಪಾಲೊಂದನ್ನು ರಾಜಧಾನಿಯ ಹೊರಗಿನ ನಿರ್ಮಾಪಕರಿಂದಲೇ ಕೊಳ್ಳಬೇಕೆಂದು ಬರೆದರೆ ಸರ್ಕಾರಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಇದಕ್ಕೆ ಬದಲಾಗಿ ನಮ್ಮ ಉದ್ಯಮದ ಮುಂದಾಳುಗಳು ಬಹುಕಾಲ ಹಿಡಿದ ದಾರಿ ಬೇರೆ ಭಾಷೆಯ ಕಾರ್ಯಕ್ರಮಗಳು ಕನ್ನಡಕ್ಕೆ ಡಬ್ ಆಗಿ ಬರುವುದನ್ನು ತಡೆಯುವುದು. 2015ರಲ್ಲಿ ಸ್ಪರ್ಧಾ ಆಯೋಗ ಅದಕ್ಕಾಗಿ ಸಂಘಟನೆಗಳಿಗೆ ದಂಡ ಹಾಕಿತು. ಆ ತಡೆಯಿಂದ ಬೆಂಗಳೂರಿನ ಕೆಲಸಗಾರರಿಗೆ ರಕ್ಷಣೆ ಸಿಕ್ಕಿರಬಹುದು, ಹುಬ್ಬಳ್ಳಿಯ ಒಂದು ಕ್ಯಾಮೆರಾಕ್ಕೂ ಕೆಲಸ ಸಿಕ್ಕಿದ್ದನ್ನು ನಾನು ಕಾಣೆ.

ಸರ್ಕಾರದ ಹಣ ತಿಂದರೆ ಸರ್ಕಾರದ ತುತ್ತೂರಿಯಾಗಬೇಕಾಗುತ್ತದಲ್ಲ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿಯೇ ಕೇಳಿದಳು. ಆ ಭಯಕ್ಕೆ ಆಧಾರವಿದೆ. ಈಗಲೂ ಇಲಾಖೆಯ ಸಾಕ್ಷ್ಯಚಿತ್ರದಲ್ಲಿ ಮಂತ್ರಿಗಳ ಮುಖ ಮೊದಲ ನಿಮಿಷದಲ್ಲೇ ಬರಬೇಕೆಂಬ ಅಲಿಖಿತ ನಿಯಮ ನಡೆದಿದೆ. ಅದಕ್ಕಾಗಿಯೇ ಆಯ್ಕೆಯ ಅಧಿಕಾರ ಪ್ರಚಾರದ ಕೆಲಸ ಮಾಡುವ ಇಲಾಖೆಗೆ ಇರಬಾರದು. ಹೊಸ ಒಟಿಟಿ ವೇದಿಕೆ ಬರುವುದಾದರೆ, ಅದರ ಕಾರ್ಯಕ್ರಮಗಳನ್ನು ಆರಿಸುವ ಸಮಿತಿಯಲ್ಲಿ ರಂಗಾಯಣ, ಜಾನಪದ ವಿಶ್ವವಿದ್ಯಾಲಯದಂಥ ಕಡೆಯ ಹೊರಗಿನವರು ಹೆಚ್ಚಿರಲಿ, ಅವರ ಅವಧಿ ಸರ್ಕಾರದ ಅವಧಿಯೊಂದಿಗೆ ಮುಗಿಯದಿರಲಿ. ಪ್ರಸಾರ ತರಂಗಗಳು ಸಾರ್ವಜನಿಕ ಆಸ್ತಿ, ಅವು ಸರ್ಕಾರದ ಸ್ವತ್ತಲ್ಲ ಎಂಬ ಅರ್ಥದ ತೀರ್ಪನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಕೊಟ್ಟಿದೆ.

ನನ್ನ ಕಕ್ಷಿದಾರರಲ್ಲಿ ಕೆಲವರು ಈಗ ಒಟ್ಟಾಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಕೊಡಲು ಮನವಿ ಸಿದ್ಧಪಡಿಸುತ್ತಿದ್ದಾರೆ, ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಕರಡಿನಲ್ಲಿ ಸ್ಟುಡಿಯೊ ಕಟ್ಟಡ, ನಿವೇಶನ, ಪ್ರಶಸ್ತಿ ಎಲ್ಲವೂ ಇದ್ದವು. ಅವನ್ನು ಹೊಡೆದುಹಾಕಿ ಕೆಲಸದ ಆದೇಶ, ಮುಂಗಡ, ಉಳಿಕೆ ಹಕ್ಕು, ಬೆಂಗಳೂರಿನ ಹೊರಗಿನದೆಂಬುದಕ್ಕೆ ಸ್ಪಷ್ಟ ವ್ಯಾಖ್ಯೆ ಎಂಬ ನಾಲ್ಕನ್ನೇ ಉಳಿಸಿದ್ದೇನೆ. ಸ್ಟುಡಿಯೊ ಬಿಟ್ಟದ್ದಕ್ಕೆ ಗದುಗಿನವರಿಗೆ ಸಿಟ್ಟಿದೆ. ಮುಂಗಡ ಶೇ 30 ಸಾಕೋ ಶೇ 50 ಬೇಕೋ ಎಂಬುದಂತೂ ಇನ್ನೂ ಬಗೆಹರಿದಿಲ್ಲ. ಸ್ವಂತ ಕ್ಯಾಮೆರಾ ಇದ್ದವರು 30 ಎನ್ನುತ್ತಾರೆ, ಬಾಡಿಗೆಗೆ ತರುವವರು 50ಕ್ಕಿಂತ ಕೆಳಗೆ ಇಳಿಯಲು ಒಪ್ಪುತ್ತಿಲ್ಲ.